ಇರುವುದು 32 ಗುಂಟೆ ಪಾರ್ಕ್ ಜಾಗ ಒಂದೇ. ಅದರಲ್ಲಿ ಏನು ಮಾಡಿಸೋದು, ಬೇರೆ ಜಾಗ ಎಲ್ಲಿ ಹುಡುಕೋದು?

ಹೆಣ್ಣೂರಾಚೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಹೆಣ್ಣೂರು-ಬಾಗಲೂರು ರಸ್ತೆಯಿಂದ ಒಳಗಿರುವ ಒಂದು ಬಡಾವಣೆ. ಮನೆ ಕಟ್ಟಿಸುವಾಗ ಎದುರಿಗೆ ದ್ರಾಕ್ಷಿ ತೋಟ ಇತ್ತು. ಈಗ ಅಲ್ಲಿ ಸಾಲಾಗಿ ಪಿಜಿಗಳು, ಒಂದು ಅಪಾರ್ಟ್‌ಮೆಂಟು, ಕೆಳಗೊಂದು ದರ್ಶಿನಿ. ಸುತ್ತಮುತ್ತ ಎಲ್ಲ ಸೇರಿಸಿದರೆ ಹತ್ತು ಹನ್ನೆರಡು ಸಾವಿರ ಜನ ಇರಬಹುದು. ಆಡೋಕೆ, ನಡೆಯೋಕೆ, ಸುಮ್ನೆ ಕೂರೋಕೆ ಅಂತ ಇರುವುದು ಒಂದೇ ಜಾಗ, 32 ಗುಂಟೆ. ಅಂದಾಜು 180 ಅಡಿಗೆ 190 ಅಡಿ. 'ಉದ್ಯಾನವನಕ್ಕೆ ಮೀಸಲು' ಅಂತ ಬೋರ್ಡು ಇದೆ. ಒಳಗೆ ಎದೆಮಟ್ಟ ಪಾರ್ಥೇನಿಯಂ, ಒಂದು ಬೋರ್‌ವೆಲ್ ಶೆಡ್ಡು, ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್. ಬೇವಿನ ಮರದ ಬುಡದಲ್ಲಿ ಯಾರೋ ನಾಗರಕಲ್ಲು ತಂದಿಟ್ಟರು. ಆಮೇಲೆ ಅದಕ್ಕೆ ಟೈಲ್ಸ್ ಕಟ್ಟೆ ಬಂತು. ಮುಂದೆ ಶೀಟ್ ಚಾವಣಿ ಬರುವ ಲಕ್ಷಣ ಕಾಣುತ್ತಿದೆ.

ಈಗ ಪಾರ್ಕ್ ಅಭಿವೃದ್ಧಿಗೆ ದುಡ್ಡು ಬಂದಿದೆಯಂತೆ. ಇಂಜಿನಿಯರ್ ಒಬ್ಬರು ಪ್ಲಾನ್ ತೋರಿಸಿ ಹೋದರು. ಗ್ರಾನೈಟ್ ಕಮಾನು, ನಡುವೆ ಕಾರಂಜಿ, ಸುತ್ತ ಇಂಟರ್‌ಲಾಕ್ ಹಾಸಿದ ವಾಕಿಂಗ್ ಟ್ರ್ಯಾಕು, ಓಪನ್ ಜಿಮ್ಮು, ಉಳಿದಲ್ಲೆಲ್ಲ ಹುಲ್ಲುಹಾಸು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯುದ್ಧವೇ ನಡೆಯುತ್ತಿದೆ. ಹುಡುಗರಿಗೆ ಕ್ರಿಕೆಟ್ ನೆಟ್ ಬೇಕು. ಹಿರಿಯರಿಗೆ ವಾಕಿಂಗ್ ಸಾಕು, ಗಲಾಟೆ ಬೇಡ. ಇಬ್ಬರು ಒಳಾಂಗಣ ಶಟಲ್ ಕೋರ್ಟ್ ಕಟ್ಟಿ ಬಾಡಿಗೆಗೆ ಕೊಟ್ಟರೆ ಸಂಘಕ್ಕೆ ಆದಾಯ ಬರುತ್ತೆ ಅನ್ನುತ್ತಿದ್ದಾರೆ.

ನನ್ನ ಪ್ರಶ್ನೆ ಮೂರು. ಇಷ್ಟು ಜಾಗದಲ್ಲಿ ನಿಜವಾಗಿ ಏನೇನು ಹಿಡಿಸುತ್ತೆ? ನಾಳೆ ಈ ಜಾಗ ಬೇರೆ ಯಾವುದಕ್ಕೋ ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ? ನಮ್ಮಂಥ ಹೊಸ ಕಡೆಗಳಲ್ಲಿ ಇನ್ನಷ್ಟು ಜಾಗ ಸಿಗುವ ದಾರಿ ಏನಾದರೂ ಇದೆಯಾ, ಅಥವಾ ಅದು ಮುಗಿದ ಕಥೆಯಾ?

ಟ್ರೇಸಿಂಗ್ ಪೇಪರ್

ನಾನು ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಟಿ-ಸ್ಕ್ವೇರ್, ರೋಟ್ರಿಂಗ್ ಪೆನ್ನಿನ ಕಾಲದಿಂದ ಆಟೋಕ್ಯಾಡ್‌ವರೆಗೆ ಬಂದವನು. ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಕಾರಂಜಿ ಬೇಕಾ ಬೇಡವಾ ಅಂತ ಜಗಳ ಆಡುತ್ತಾರೆ, ಜಾಗದ ಕಾಗದ ಎಲ್ಲಿದೆ ಅಂತ ಒಬ್ಬರೂ ಕೇಳುವುದಿಲ್ಲ.

ಬೋರ್ಡು ನಂಬಬೇಡಿ. ಬೋರ್ಡು ಬರೆಯೋಕೆ ಪೇಂಟರ್ ಸಾಕು. ನಿಮಗೆ ಬೇಕಾದ್ದು ಮಂಜೂರಾದ ಲೇಔಟ್ ನಕ್ಷೆ. ಅದರಲ್ಲಿ ನಿಮ್ಮ 32 ಗುಂಟೆಗೆ ಹಸಿರು ಬಣ್ಣ ಹಾಕಿ 'ಪಾರ್ಕ್' ಅಂತ ಬರೆದಿದೆಯಾ, ಅಥವಾ 'ಸಿಎ', ಅಂದರೆ ನಾಗರಿಕ ಸೌಲಭ್ಯದ ಜಾಗ, ಅಂತ ಬರೆದಿದೆಯಾ ನೋಡಿ. ಸಿಎ ಸೈಟು ಪಾರ್ಕ್ ಅಲ್ಲ. ಅದನ್ನು ಶಾಲೆಗೋ ಆಸ್ಪತ್ರೆಗೋ ಯಾವುದೋ ಸಂಸ್ಥೆಗೋ ಗುತ್ತಿಗೆ ಕೊಡಬಹುದು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸಾಮಾನ್ಯವಾಗಿ 30 ವರ್ಷಕ್ಕೆ ಕೊಡುತ್ತದೆ. ಎಷ್ಟೋ ಬಡಾವಣೆಯವರು ಸಿಎ ಸೈಟಿನಲ್ಲಿ ಗಿಡ ನೆಟ್ಟು, ನೀರು ಹಾಕಿ, ಮರ ಮಾಡಿ, ಕೊನೆಗೆ ಜೆಸಿಬಿ ಬಂದು ನಿಂತಾಗ ಕಣ್ಣುಬಿಟ್ಟಿದ್ದಾರೆ.

ನಿಮ್ಮದು ಖಾಸಗಿಯವರು ಮಾಡಿದ ಲೇಔಟ್ ಅನಿಸುತ್ತೆ. ಹಾಗಿದ್ದರೆ ರಸ್ತೆ ಮತ್ತು ಪಾರ್ಕ್ ಜಾಗವನ್ನು ಅವರು ನೋಂದಾಯಿತ ಬಿಟ್ಟುಕೊಡುವಿಕೆ ಪತ್ರದ ಮೂಲಕ ಪ್ರಾಧಿಕಾರಕ್ಕೆ ಉಚಿತವಾಗಿ ಒಪ್ಪಿಸಿರಬೇಕು. ಕಚೇರಿಗಳಲ್ಲಿ ಇದನ್ನು ರಿಲಿಂಕ್ವಿಷ್‌ಮೆಂಟ್ ಡೀಡ್ ಅಂತಲೇ ಕರೆಯುತ್ತಾರೆ, ಹಾಗೇ ಕೇಳಿ. ಆ ಪತ್ರ ಇಲ್ಲ ಅಂದರೆ ಪಹಣಿಯಲ್ಲಿ ಇನ್ನೂ ಹಳೇ ಮಾಲೀಕರ ಹೆಸರೇ ಕೂತಿರುತ್ತದೆ. ಅವರ ಮೊಮ್ಮಗ ಒಂದು ದಿನ ಬಂದು ಬೇಲಿ ಹಾಕಿದರೆ ನಿಮ್ಮ ಓಪನ್ ಜಿಮ್ಮು ಅಡ್ಡ ನಿಂತು ತಡೆಯುವುದಿಲ್ಲ.

ಕಾಗದ ಸರಿ ಇದ್ದರೆ ಕಾನೂನು ನಿಮ್ಮ ಕಡೆ ಗಟ್ಟಿಯಾಗಿಯೇ ಇದೆ. ಸದಾಶಿವನಗರದ ಕೇಸು ಓದಿ. ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಮುಖ್ಯಮಂತ್ರಿಗಳ ಸೂಚನೆಯ ಮೇಲೆ ನರ್ಸಿಂಗ್ ಹೋಂಗೆ ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲುವುದಿಲ್ಲ ಅಂತ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಅಂತ ಹುಡುಕಿದರೆ ಸಿಗುತ್ತೆ. ದೇಶದ ಯಾವ ಮೂಲೆಯಲ್ಲಿ ಪಾರ್ಕ್ ಜಾಗದ ಜಗಳ ಬಂದರೂ ವಕೀಲರು ಈಗಲೂ ಮೊದಲು ತೆಗೆಯುವುದು ಅದನ್ನೇ. ಬಿಡಿಎ ಕಾಯ್ದೆಯಲ್ಲಿ 38ಎ ಅಂತ ಒಂದು ಕಲಂ ಇದೆ, ಬಿಡಿಎ ಮಾಡಿದ ಬಡಾವಣೆಗಳಲ್ಲಿ ಪಾರ್ಕು, ಆಟದ ಮೈದಾನಕ್ಕೆ ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರುವ ಹಾಗಿಲ್ಲ. ಇದರ ಜೊತೆಗೆ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆ ಕಾಯ್ದೆ ಇದೆ. ಅದರ ಪ್ರಕಾರ ಪಾಲಿಕೆ ಇಂಥ ಜಾಗಗಳ ಪಟ್ಟಿ ಮಾಡಬೇಕು. ನಿಮ್ಮ 32 ಗುಂಟೆ ಆ ಪಟ್ಟಿಯಲ್ಲಿದೆಯಾ ಅಂತ ಕೇಳಿ. ನಾಗರಕಲ್ಲಿನ ವಿಷಯ ಸೂಕ್ಷ್ಮ. ಕಲ್ಲಿಗೆ ಕೈ ಹಚ್ಚಬೇಡಿ, ಚಾವಣಿ ಬರದ ಹಾಗೆ ನೋಡಿಕೊಳ್ಳಿ. ಚಾವಣಿ ಬಂತು ಅಂದರೆ ಆರು ತಿಂಗಳಲ್ಲಿ ಕರೆಂಟ್ ಮೀಟರ್ ಬರುತ್ತೆ.

ಇನ್ನು ಜಾಗ ಸಾಲುತ್ತಾ ಅಂದರೆ, ಇಲ್ಲ. ಕೇಂದ್ರದ 2014ರ ನಗರ ಯೋಜನಾ ಮಾರ್ಗಸೂಚಿ 5,000 ಜನಕ್ಕೆ ಅರ್ಧ ಹೆಕ್ಟೇರ್ ಪಾರ್ಕ್ ಇರಲಿ ಅನ್ನುತ್ತದೆ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 50 ಗುಂಟೆ. ಅದರ ಮೇಲೆ 1 ಲಕ್ಷ ಜನಕ್ಕೆ 5 ಹೆಕ್ಟೇರಿನದ್ದು ಒಂದು, 5 ಲಕ್ಷಕ್ಕೆ 25 ಹೆಕ್ಟೇರಿನದ್ದು ಒಂದು. ನಿಮ್ಮ ಹನ್ನೆರಡು ಸಾವಿರ ಜನಕ್ಕೆ ಮನೆ ಹತ್ತಿರವೇ 3 ಎಕರೆ ಬೇಕಿತ್ತು. ಇರುವುದು ಅದರ ಕಾಲು ಭಾಗ.

ಹಳೇ ಬೆಂಗಳೂರಿಗೆ ಪಾರ್ಕು ಹೇಗೆ ಬಂತು ಅಂದರೆ, ಜನ ಬರುವ ಮೊದಲೇ ಗೆರೆ ಎಳೆದರು. ಇಂಜಿನಿಯರ್ ಸ್ಯಾಂಕಿ 1870ರಲ್ಲಿ ಕಬ್ಬನ್ ಪಾರ್ಕ್ ಮಾಡಿಸಿದಾಗ ಅದರ ಸುತ್ತ ಈಗಿನ ಪೇಟೆ ಇರಲಿಲ್ಲ. ಬಸವನಗುಡಿಯಲ್ಲೂ ಜಯನಗರದಲ್ಲೂ ಸೈಟು ಹಂಚುವ ಮುಂಚೆಯೇ ಪಾರ್ಕು ಕಾಗದದ ಮೇಲೆ ಕೂತಿತ್ತು. ಬಿಡಿಎ ಕಾಯ್ದೆಯೂ ಇದನ್ನೇ ಹೇಳುತ್ತದೆ, ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ ಶೇ. 15 ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಶೇ. 10 ನಾಗರಿಕ ಸೌಲಭ್ಯಕ್ಕೆ. ಆದರೆ ನಿಮ್ಮ ಕಡೆ ಬೆಳೆದದ್ದು ಬಿಡಿಎ ಬಡಾವಣೆಯಿಂದಲ್ಲ. ಒಂದು ಹೊಲ, ಅದರ ಪಕ್ಕ ಇನ್ನೊಂದು ಹೊಲ, ಹೀಗೆ ಲೇಔಟ್ ಮಂಜೂರಾತಿ ಇಲ್ಲದ ರೆವಿನ್ಯೂ ಸೈಟುಗಳಾಗಿ ಬೆಳೆದದ್ದು. ಇಂಥ ಬಿ ಖಾತಾ ಸೈಟಿನವರು ಪಾರ್ಕ್ ಎಲ್ಲಿ ಬಿಡುತ್ತಾರೆ? 20 ಅಡಿ ರಸ್ತೆ ಬಿಟ್ಟಿದ್ದರೆ ಅದೇ ದೊಡ್ಡದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಾಡಿದಾಗ ಹೊಲ ಸೈಟಾಗುವ ಕೆಲಸ ಬಹುಪಾಲು ಕಡೆ ಶುರುವಾಗಿಬಿಟ್ಟಿತ್ತು.

ಹಾಗಾದರೆ ಜಾಗ ಎಲ್ಲಿದೆ? ಉದ್ದುದ್ದಕ್ಕೆ ಇದೆ. ಚೌಕಾಕಾರದ ಜಾಗ ಹುಡುಕುವುದು ಬಿಟ್ಟುಬಿಡಿ. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ನಿಮ್ಮ ಊರಿನ ಸರ್ವೆ ನಂಬರುಗಳನ್ನು ನೋಡಿ. ಬಿ ಖರಾಬು ಅಂತ ಇರುವುದು ಹಳ್ಳ, ಕಾಲುವೆ, ಬಂಡಿದಾರಿ, ಕೆರೆಗೆ ಸೇರಿದ ಸಾರ್ವಜನಿಕ ಜಾಗ. ಆಮೇಲೆ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ. 'ಮಾಸ್ಟರ್ ಪ್ಲಾನ್ 2015'ರ ಪ್ರಕಾರ ದೊಡ್ಡ ಕಾಲುವೆಗೆ ನಡುಮಧ್ಯದಿಂದ 50 ಮೀಟರ್, ಮಧ್ಯಮಕ್ಕೆ 25, ಚಿಕ್ಕದಕ್ಕೆ 15 ಮೀಟರ್ ಕಟ್ಟಡ ಬರಬಾರದು. ಹಸಿರು ನ್ಯಾಯಮಂಡಳಿ 2016ರಲ್ಲಿ ಈ ಅಂತರವನ್ನು ಬದಲಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲಿನ ತಿದ್ದುಪಡಿ ಏನಾದರೂ ಬಂದಿದೆಯಾ ಅಂತ ಕಚೇರಿಯಲ್ಲಿ ಕೇಳಿಕೊಳ್ಳಿ. ನಿಮ್ಮ ಕಡೆಯ ನೀರೆಲ್ಲ ಹೆಬ್ಬಾಳ ಕಣಿವೆಯದ್ದು, ಕಲ್ಕೆರೆ, ರಾಂಪುರ, ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಕಡೆಗೆ ಇಳಿಯುತ್ತದೆ. ಆ ಕಾಲುವೆ ಪಕ್ಕದ ಪಟ್ಟಿಯಲ್ಲಿ ಈಗ ಇರುವುದು ಕಟ್ಟಡದ ಕಸ, ಟ್ಯಾಂಕರ್ ಪಾರ್ಕಿಂಗು. ಒತ್ತುವರಿ ಆಗದೆ ಉಳಿದಷ್ಟು ಕಡೆ ಎಂಟು ಹತ್ತು ಅಡಿ ಮಣ್ಣಿನ ದಾರಿ, ಒಂದು ಸಾಲು ಮರ ಬಂದರೆ ನಿಮ್ಮ 32 ಗುಂಟೆಯಿಂದ ಕೆರೆವರೆಗೆ ನಡೆದುಕೊಂಡು ಹೋಗಬಹುದು. ಕೋರಮಂಗಲ ಕಣಿವೆಯ ಕಾಲುವೆಯಲ್ಲಿ ಕೆ-100 ಅಂತ ಇದೇ ಥರದ ಪ್ರಯತ್ನ ಮಾಡಿದ್ದಾರೆ. ಒಂದು ಸಲ ಹೋಗಿ ನೋಡಿ. ಮೂಗು ಮುಚ್ಚಿಕೊಂಡು ನೋಡಿದರೂ ಪರವಾಗಿಲ್ಲ. ಕಾಲುವೆಗೆ ಕೊಳಚೆ ಬರುವುದು ನಿಲ್ಲದೆ ಅದರ ದಡ ಪಾರ್ಕ್ ಆಗುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತೆ.

ಕೆರೆಯನ್ನು ಮಾತ್ರ ಪಾರ್ಕ್ ಮಾಡಿಸೋಕೆ ಹೋಗಬೇಡಿ. ಸುತ್ತ ಏರಿ ಎತ್ತರಿಸಿ, ಮೇಲೆ ಟ್ರ್ಯಾಕ್ ಹಾಕಿ, ಕೆರೆಯನ್ನು ಬಾಣಲೆ ಮಾಡಿಬಿಡುತ್ತಾರೆ. ನೀರು ಬರುವ ಕಡೆಯ ಜೌಗು ಹೋದರೆ ಹಕ್ಕಿಯೂ ಹೋಗುತ್ತೆ, ಮಳೆಗಾಲದಲ್ಲಿ ನೀರು ನಿಮ್ಮ ಬೇಸ್‌ಮೆಂಟಿಗೆ ಬರುತ್ತೆ.

ಸಂಜೆ ಏಳು

ಹಿರಿಯರು ನಕ್ಷೆಯ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಗೇಟಿನ ವಿಷಯ ಹೇಳುತ್ತೇನೆ.

ನಮ್ಮ ಹತ್ತಿರದ ಪಾರ್ಕಿಗೆ ಇರುವುದು ಒಂದೇ ಗೇಟು, ಅದೂ ಮುಖ್ಯರಸ್ತೆಗೆ. ಹಿಂದಿನ ಬೀದಿಯವರು ಪಾರ್ಕಿನ ಗೋಡೆ ಮುಟ್ಟಿಕೊಂಡೇ ಇದ್ದಾರೆ, ಒಳಗೆ ಬರಬೇಕಾದರೆ ಸುತ್ತುಹಾಕಬೇಕು. ಹಿಂದಿನ ಮೂಲೆಗೆ ಯಾರೂ ಹೋಗುವುದಿಲ್ಲ, ಯಾರೂ ಹೋಗುವುದಿಲ್ಲ ಅಂತ ಅಲ್ಲಿ ಲೈಟು ಹಾಕಿಲ್ಲ, ಲೈಟಿಲ್ಲ ಅಂತ ಹೆಂಗಸರು ಆರೂವರೆಗೆ ಮನೆಗೆ ಹೊರಡುತ್ತಾರೆ. ಕೆಲಸದಿಂದ ಬಂದು, ಮಗಳ ಹೋಂವರ್ಕ್ ಮುಗಿಸಿ ನನಗೆ ಬಿಡುವಾಗುವುದೇ ಏಳು ಗಂಟೆಗೆ. 180 ಅಡಿ ಜಾಗಕ್ಕೆ ಎರಡೂ ಬೀದಿಗೆ ಒಂದೊಂದು ಗೇಟು ಇಡಿಸಿ. ಗ್ರಾನೈಟ್ ಕಮಾನಿನ ದುಡ್ಡಿನಲ್ಲಿ ಇದು ಆರಾಮಾಗಿ ಆಗುತ್ತೆ. ಕಾಂಪೌಂಡು ಗೋಡೆ ಬೇಡ, ಒಳಗೆ ಯಾರಿದ್ದಾರೆ ಅಂತ ರಸ್ತೆಯಿಂದ ಕಾಣುವ ಗ್ರಿಲ್ ಸಾಕು.

ಶೌಚಾಲಯ ಇಡಿಸಿದರೆ ಅದರ ಬೀಗದಕೈ ಯಾರ ಹತ್ತಿರ ಇರುತ್ತೆ ಅಂತ ಮೊದಲೇ ಬರೆಸಿಕೊಳ್ಳಿ. ನಮ್ಮಲ್ಲಿ ಕಟ್ಟಿದ್ದಾರೆ, ಉದ್ಘಾಟನೆಯ ರಿಬ್ಬನ್ನಿನ ತುಂಡು ಇನ್ನೂ ಚಿಲಕದಲ್ಲಿ ನೇತಾಡುತ್ತಿದೆ. ಒಳಗೆ ಪೊರಕೆ, ಗೊಬ್ಬರದ ಚೀಲ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಎರಡು ಸುತ್ತು ಹಾಕಿ ಮನೆಗೆ ಓಡಿ ಬರುತ್ತಾರೆ. ಅವರ ವಯಸ್ಸಿನವರು ಪಾರ್ಕಿಗೆ ಯಾಕೆ ಬರಲ್ಲ ಅಂದರೆ ಕಾರಣ ಇಷ್ಟೇ.

ಇನ್ನೊಂದು, ಓಪನ್ ಜಿಮ್ಮಿನ ಪಕ್ಕ ಮಕ್ಕಳ ಆಟದ ಜಾಗ ಇಡಬೇಡಿ. ಆ ಕಬ್ಬಿಣದ ತೂಗುಕಾಲಿಗೆ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತೆ.

ಎರಡು ಗಾಲಿ

ಗೇಟು ಎಷ್ಟಾದರೂ ಇಡಿ, ಮಧ್ಯಾಹ್ನ ಬೀಗ ಹಾಕಬೇಡಿ ಅಂತ ನನ್ನದೊಂದು ವಿನಂತಿ. ನಾನು ಫುಡ್ ಡೆಲಿವರಿ ಮಾಡುವವನು. ಹನ್ನೊಂದರಿಂದ ಮೂರರವರೆಗೆ ಆರ್ಡರ್ ನಡುವೆ ಹತ್ತು ಇಪ್ಪತ್ತು ನಿಮಿಷ ಸಿಗುತ್ತೆ, ಎಲ್ಲಿ ಕೂರೋದು? ಹೋಟೆಲಿನವರು ಬಾಗಿಲ ಹತ್ತಿರ ನಿಲ್ಲೋಕೆ ಬಿಡಲ್ಲ. ಬೆಳಗ್ಗೆ ವಾಕಿಂಗ್ ಮುಗಿದ ಮೇಲೆ ಪಾರ್ಕ್ ಮುಚ್ಚಿ, ಮಧ್ಯಾಹ್ನ ಮೇಲೆ ತೆಗೆಯುವುದು ಬೆಂಗಳೂರಿನಲ್ಲಿ ಮೊದಲಿಂದ ಇದ್ದ ಪದ್ಧತಿ. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಸರ್ಕಾರವೇ ಹೇಳಿತು. ಆದರೂ ಎಷ್ಟೋ ಕಡೆ ಬೀಗ ಬೀಗವೇ. ಕೇಳಿದರೆ 'ಸಂಘದವರು ಹೇಳಿದ್ದಾರೆ' ಅನ್ನುತ್ತಾರೆ. ನಿಮ್ಮ ಸಂಘ ಹಾಗೆ ಹೇಳದಿದ್ದರೆ ಸಾಕು ಸರ್. ಒಂದು ಕುಡಿಯೋ ನೀರಿನ ನಲ್ಲಿ ಇದ್ದರೆ ಇನ್ನೂ ಒಳ್ಳೇದು.

ಪಿಟಿ ಮೇಷ್ಟ್ರು

ಆಟದ ಬಗ್ಗೆ ಯಾರೂ ಅಳತೆ ಹೇಳಲಿಲ್ಲ, ನಾನು ಹೇಳುತ್ತೇನೆ. ಕ್ರಿಕೆಟ್ ಮರೆತುಬಿಡಿ. ಪಿಚ್ಚೇ 66 ಅಡಿ, ಅದರ ಮುಂದೆ ಹಿಂದೆ ಬೌಲರ್ ಓಟ, ಕೀಪರ್. ಲೆದರ್ ಬಾಲ್ ಒಂದು ಸಲ ವಾಕಿಂಗ್ ಮಾಡುವವರಿಗೆ ಬಿದ್ದರೆ ಮಾರನೇ ದಿನ 'ಆಟ ನಿಷೇಧ' ಬೋರ್ಡು ಬರುತ್ತೆ, ಆಮೇಲೆ ಸಣ್ಣ ಮಕ್ಕಳೂ ಆಡುವ ಹಾಗಿಲ್ಲ.

ವಾಲಿಬಾಲ್ ಅಂಕಣ 18 ಮೀಟರ್‌ಗೆ 9, ಕಬಡ್ಡಿ 13ಕ್ಕೆ 10. ಖೋ ಖೋ 27ಕ್ಕೆ 16 ಬೇಕು. 30 ಮೀಟರ್‌ಗೆ 20ರ ಒಂದು ಮಣ್ಣಿನ ಅಂಗಳ ಬಿಡಿ, ಸುಮಾರು 6 ಗುಂಟೆ ಆಗುತ್ತೆ. ಸಿಮೆಂಟ್ ಹಾಕಬೇಡಿ, ಸಿಂಥೆಟಿಕ್ ಬೇಡ, ಗೆರೆ ಕೊರೆಯಬೇಡಿ. ಸುಣ್ಣದ ಪುಡಿಯಲ್ಲಿ ಇವತ್ತು ಕಬಡ್ಡಿ, ನಾಳೆ ಥ್ರೋಬಾಲ್. ನೆಟ್ಟಿಗೆ ಎರಡು ಕಂಬ, ಬೇಡದಿದ್ದಾಗ ಕಿತ್ತಿಡುವ ಹಾಗೆ. ವಾರದಲ್ಲಿ ಕೆಲವು ಸಂಜೆ ಹುಡುಗಿಯರಿಗೆ ಅಂತಲೇ ಇಡಿ. ಇಲ್ಲದಿದ್ದರೆ ದೊಡ್ಡ ಹುಡುಗರು ನಾಲ್ಕು ಗಂಟೆಗೆ ಬಂದವರು ಕತ್ತಲಾಗುವವರೆಗೂ ಬಿಡುವುದಿಲ್ಲ, ಇದು ನಾನು ದಿನಾ ನೋಡುವ ಕಥೆ.

ಶಟಲ್ ಕೋರ್ಟ್ ಕಟ್ಟಡ ಪಾರ್ಕಿನೊಳಗೆ ಖಂಡಿತ ಬೇಡ. ಬಾಡಿಗೆ ಶುರುವಾದರೆ ಆಡುವವರು ಬೇರೆ, ಅಲ್ಲಿರುವವರು ಬೇರೆ. ನಿಮ್ಮ ಕಡೆ ಸಿಎ ಸೈಟ್ ಇದ್ದರೆ ಅಲ್ಲಿ ಕೇಳಿ, ಲೈಬ್ರರಿ, ವ್ಯಾಯಾಮಶಾಲೆ ಎಲ್ಲ ಸಿಎ ಪಟ್ಟಿಯಲ್ಲೇ ಬರುತ್ತವೆ. ದೊಡ್ಡ ಆಟಕ್ಕೆ ನಿಮ್ಮ ಹಳೇ ಊರಿನ ಸರ್ಕಾರಿ ಶಾಲೆ ಮೈದಾನ ನೋಡಿ. ಶಾಲೆ ಬಿಟ್ಟ ಮೇಲೆ, ಭಾನುವಾರ ಅದು ಖಾಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಮಾತಾಡಿ, ಬದಲಿಗೆ ನಿಮ್ಮ ಸಂಘ ಶೌಚಾಲಯ ಸ್ವಚ್ಛತೆಯದೋ ಕಾವಲುಗಾರನದೋ ಖರ್ಚು ವಹಿಸಿಕೊಳ್ಳಲಿ. ಹೊಸ ಜಾಗ ಕೊಳ್ಳುವುದಕ್ಕಿಂತ ಇದು ನೂರು ಪಾಲು ಸುಲಭ.

ಮಣ್ಣು ನೀರು

ಪಾರ್ಕ್ ನಿರ್ವಹಣೆ ಗುತ್ತಿಗೆ ಮಾಡಿದವನು ನಾನು. ಹುಲ್ಲುಹಾಸು ನೋಡೋಕೆ ಚೆಂದ, ನೀರಿಗೆ ರಾಕ್ಷಸ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂದದ್ದು ನೆನಪಿದೆ ಅಲ್ವಾ? ಆ ಬೇಸಿಗೆಯಲ್ಲಿ ನಾವು ನೋಡಿಕೊಳ್ಳುತ್ತಿದ್ದ ಕಡೆಯೆಲ್ಲ ಹುಲ್ಲು ಸುಟ್ಟು ಹೋಯಿತು. ಹೊಂಗೆ, ಬೇವು ಏನೂ ಆಗಲಿಲ್ಲ. ಎಂಬತ್ತರ ದಶಕದಲ್ಲಿ ಅರಣ್ಯ ಇಲಾಖೆಯ ನೇಗಿನಹಾಳ್ ಅವರು ಊರೆಲ್ಲ 15 ಲಕ್ಷ ಗಿಡ ನೆಡಿಸಿದರು ಅಂತಾರೆ, ಅವರು ಹುಲ್ಲು ಹಾಸಲಿಲ್ಲ, ನೆರಳು ಮಾಡಿದರು.

ಅಂಚಿನ ಸುತ್ತ ಹೊಂಗೆ, ಮಹಾಗನಿ, ಹೊಳೆಮತ್ತಿ. ನೇರಳೆ ಇರಲಿ, ಆದರೆ ನಡೆಯುವ ದಾರಿಯ ಮೇಲೆ ಬೇಡ, ಹಣ್ಣು ಉದುರಿ ಜಾರುತ್ತೆ. ದಾರಿಗೆ ಇಂಟರ್‌ಲಾಕ್ ಬೇಡ. ಅದಕ್ಕೆ ಕೆಳಗೆ ಜಲ್ಲಿ ಹಾಕಿ ದಮ್ಮಸ್ ಮಾಡುತ್ತಾರೆ, ಬೇರಿಗೆ ಉಸಿರಿಲ್ಲ, ನಾಲ್ಕು ವರ್ಷಕ್ಕೆ ಬೇರು ಕಲ್ಲನ್ನೇ ಎತ್ತಿ ಹಾಕುತ್ತೆ. ಮೊರಂ ಮಣ್ಣು ಹಾಕಿ ರೋಲರ್ ಓಡಿಸಿ, ಹಿರಿಯರ ಮಂಡಿಗೂ ಒಳ್ಳೇದು. ನಿಮ್ಮ ಅಳತೆಗೆ ಒಂದು ಸುತ್ತು 200 ಮೀಟರ್ ಬರುತ್ತೆ, ಐದು ಸುತ್ತಿಗೆ ಒಂದು ಕಿಲೋಮೀಟರ್. ಕಾರಂಜಿ ಜಾಗದಲ್ಲಿ ಒಂದು ಇಂಗುಬಾವಿ ತೋಡಿಸಿ. ಬಾವಿ ತೋಡುವ ಕಸುಬಿನ ಮಣ್ಣು ವಡ್ಡರನ್ನೇ ಕರೆಸಿ. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳೆತ್ತಿ ಮತ್ತೆ ನೀರು ಬರಿಸಿದವರು ಅವರೇ. ಕಾರಂಜಿಯಂತೂ ನಾನು ನೋಡಿದ್ದರಲ್ಲಿ ಒಂದೂ ಎರಡನೇ ಮಳೆಗಾಲ ಕಂಡಿಲ್ಲ. ಮೋಟರ್ ಹೋಗುತ್ತೆ, ತೊಟ್ಟಿಯಲ್ಲಿ ಸೊಳ್ಳೆ ಉಳಿಯುತ್ತೆ.

ಹೆಣ್ಣೂರಾಚೆ

ಎಲ್ಲರಿಗೂ ಧನ್ಯವಾದ. ಟ್ರೇಸಿಂಗ್ ಪೇಪರ್ ಸರ್, ದಿಶಾಂಕ್ ಹಾಕಿ ನೋಡಿದೆ. ನಮ್ಮ ಪಾರ್ಕಿನ ಹಿಂದೆಯೇ ಒಂದು ಹಳ್ಳದ ಗೆರೆ ಹೋಗಿದೆ! ನೆಲದ ಮೇಲೆ ನೋಡಿದರೆ ಅಲ್ಲಿ ಒಂದು ಗುಜರಿ ಅಂಗಡಿ, ಒಂದು ಕಾರ್ ವಾಶ್, ಆಮೇಲೆ ಖಾಲಿ ಜಾಗ. ಗೇಟು, ಮಣ್ಣಿನ ಅಂಗಳ, ಮೊರಂ ದಾರಿಗೆ ಗುಂಪಿನಲ್ಲಿ ಬಹುತೇಕ ಒಪ್ಪಿಗೆ ಇದೆ. ಕಾರಂಜಿಗೆ ಇನ್ನೂ ಇಬ್ಬರು ಅಭಿಮಾನಿಗಳು ಉಳಿದಿದ್ದಾರೆ. ಲೇಔಟ್ ನಕ್ಷೆ ಕೇಳೋಕೆ ಹೋದರೆ 'ಫೈಲು ಹಳೇ ಕಚೇರಿಯಲ್ಲಿದೆ' ಅಂದರು. ಬೆಂಗಳೂರು ಒಡೆದು ಐದು ಪಾಲಿಕೆ ಆದ ಮೇಲೆ ಯಾವ ಫೈಲು ಎಲ್ಲಿ ಅಂತ ಅವರಿಗೇ ಗೊತ್ತಿಲ್ಲವಂತೆ. ಏನು ಮಾಡೋದು?

ಟ್ರೇಸಿಂಗ್ ಪೇಪರ್

ಮಂಜೂರು ಮಾಡಿದ್ದು ಪಾಲಿಕೆ ಅಲ್ಲ, ಯೋಜನಾ ಪ್ರಾಧಿಕಾರ. ಮೂಲ ನಕ್ಷೆ ಅಲ್ಲಿರುತ್ತೆ, ಅಲ್ಲೇ ಕೇಳಿ. ಬಾಯಲ್ಲಿ ಕೇಳಬೇಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಿದ್ದರೆ ಆ ಸರ್ವೆ ನಂಬರಿನ ಇಸಿ (ಋಣಭಾರ ಪತ್ರ) ತೆಗೆಸಿದಾಗ ಉಪನೋಂದಣಿ ಕಚೇರಿಯಲ್ಲೇ ಸಿಕ್ಕಿಬಿಡುತ್ತೆ, ಯಾರ ಫೈಲಿಗೂ ಕಾಯಬೇಕಿಲ್ಲ. ಹಳ್ಳದ ವಿಷಯ ಇದರ ಜೊತೆ ಸೇರಿಸಬೇಡಿ, ಅದಕ್ಕೆ ತಹಶೀಲ್ದಾರರಿಗೆ ಸರ್ವೆ ಮಾಡಿ ಗಡಿ ಗುರುತಿಸಿ ಅಂತ ಬೇರೆ ಅರ್ಜಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಮಾಹಿತಿ ಹಕ್ಕು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ನಿಮ್ಮ ವಾಟ್ಸಾಪ್ ಗುಂಪಿನವರ ಕೈಯಲ್ಲಿ ಬರೆಸಬೇಡಿ, ನೀವೇ ಬರೆಯಿರಿ.